ಮರೆವು ಶುರುವಾದ ಅಪ್ಪಯ್ಯ, ಕೆಡವಬೇಕೆಂದಿರುವ ಹಳೇ ಮನೆ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಶಿರಸಿ ಹತ್ತಿರದ ಹಳ್ಳಿಯಿಂದ:
ನಮ್ಮದು ಹಳೇ ಹಂಚಿನ ಮನೆ. ಒಂದು ಬದಿಯ ತೊಲೆಗಳಿಗೆ ಗೆದ್ದಲು ಹಿಡಿದಿದೆ. ಮಳೆಗಾಲ ಮುಗಿದ ಮೇಲೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವ ಅಂದಾಜು. ಅಪ್ಪಯ್ಯನಿಗೆ 78. ಅಲ್ಜೈಮರ್ ಶುರುವಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ತಮ್ಮ ಬೆಂಗಳೂರಿನಲ್ಲಿ ಒಬ್ಬ ಡಿಸೈನರ್ ಹತ್ತಿರ ಮಾತಾಡಿದ್ದಾನೆ. ಅವರದು 'ನ್ಯೂರೋ ಆರ್ಕಿಟೆಕ್ಚರ್' ಅಂತೆ. ಗೋಡೆ ಬಾಗಿಸಿ ಕಟ್ಟಿದರೆ ಮೆದುಳಿಗೆ ಒಳ್ಳೆಯದಂತೆ. ಚದರಡಿ ರೇಟೂ ಜಾಸ್ತಿ. ಇದರಲ್ಲಿ ಹುರುಳಿದೆಯಾ, ಸುಮ್ನೆ ಹೆಸರಾ? ಮರೆವಿನ ಹಿರಿಯರನ್ನು ಮನೆಯಲ್ಲಿ ನೋಡಿಕೊಂಡವರು ಹೇಳಿ. ಯಾವುದು ಬೇಕು, ಯಾವುದು ಬೇಡ?

ಕುಮಟಾದಿಂದ, ಸಿವಿಲ್ ಎಂಜಿನಿಯರ್:
ಹೆಸರು ಸುಳ್ಳಲ್ಲ. ಅಮೆರಿಕದ ಸ್ಯಾನ್ ಡಿಯೆಗೋದಲ್ಲಿ 2003ರಲ್ಲೇ ಮೆದುಳು ವಿಜ್ಞಾನಿಗಳೂ ಆರ್ಕಿಟೆಕ್ಟರೂ ಸೇರಿ ಇದಕ್ಕೆಂದೇ ಒಂದು ಅಕಾಡೆಮಿ ಶುರು ಮಾಡಿದ್ದಾರೆ. ಆದರೆ ಬಾಗಿದ ಗೋಡೆಯ ಕತೆ ಬೇರೆ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಜನರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ ಕೋಣೆಗಳ ಫೋಟೊ ತೋರಿಸಿದರು. ಬಾಗಿದ ಆಕಾರದ ಕೋಣೆಗಳೇ ಚಂದ ಎಂದವರು ಜಾಸ್ತಿ. ಮೆದುಳಿನ ಸ್ಕ್ಯಾನಿನಲ್ಲೂ ವ್ಯತ್ಯಾಸ ಕಂಡಿತು. ಸರಿ, 'ಈ ಕೋಣೆಯೊಳಗೆ ಹೋಗುತ್ತೀರಾ, ಬೇಡವಾ' ಎಂದು ಕೇಳಿದಾಗ ಮಾತ್ರ ಬಾಗಿದ್ದು, ನೇರವಾದ್ದು ಎರಡಕ್ಕೂ ಉತ್ತರ ಒಂದೇ. ಅಲ್ಲಿಗೆ ಅದು ಫೋಟೊ ನೋಡಿ ಚಂದ ಎಂದ ಮಾತಷ್ಟೇ. ಮರೆವಿನವರ ಮೇಲೆ ಮಾಡಿದ ಪರೀಕ್ಷೆಯೂ ಅಲ್ಲ.

ಇನ್ನು ಚಿರೆಕಲ್ಲಿನಲ್ಲಿ ಬಾಗಿದ ಗೋಡೆ ಎಬ್ಬಿಸಲು ಹೊರಟರೆ ಕಲ್ಲು ಕೆತ್ತುವ ಕೂಲಿಗೇ ನಿಮ್ಮ ಅಡಕೆ ದುಡ್ಡು ಹೋಗುತ್ತದೆ. ಆ ದುಡ್ಡನ್ನು ಕಿಟಕಿಗೆ ಹಾಕಿ ಮಾರಾಯ್ರೆ.

ಯಲ್ಲಾಪುರದಿಂದ:
ನಮ್ಮ ಆಯಿಗೂ ಇದೇ ಕಾಯಿಲೆ ಇತ್ತು. ಗೋಡೆ ಆಕಾರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಕೆಡವಲೇಬೇಕಾ?

ಯಾಕೆ ಕೇಳುತ್ತೇನೆ ಅಂದರೆ, ಜಾಗ ಗುರುತಿಸುವುದಕ್ಕೇ ಮೆದುಳಿನಲ್ಲಿ ಬೇರೆ ಜೀವಕೋಶಗಳಿವೆ. ಜಾನ್ ಓಕೀಫ್ ಅನ್ನುವವರು 1971ರಲ್ಲಿ ಇಲಿಗಳ ಮೆದುಳಿನ ಹಿಪೊಕ್ಯಾಂಪಸ್‌ನಲ್ಲಿ ಇದನ್ನು ಕಂಡರು. ಇಲಿ ಒಂದು ಮೂಲೆಗೆ ಬಂದರೆ ಒಂದು ಕೋಶ ಚುರುಕಾಗುತ್ತದೆ, ಇನ್ನೊಂದು ಮೂಲೆಗೆ ಹೋದರೆ ಇನ್ನೊಂದು. 2005ರಲ್ಲಿ ನಾರ್ವೆಯ ಮೋಸರ್ ದಂಪತಿ ಅದರ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ದೂರ, ದಿಕ್ಕಿನ ಲೆಕ್ಕ ಇಡುವ ಕೋಶಗಳನ್ನು ಕಂಡರು. 2014ರಲ್ಲಿ ಮೂವರಿಗೂ ನೊಬೆಲ್ ಬಂತು. ಅಲ್ಜೈಮರ್ ಮೊದಮೊದಲು ಕೈಹಾಕುವುದು ಇವೇ ಜಾಗಗಳಿಗೆ. ಹಾಗಾಗಿ ಹೊಸ ಮನೆಯ ನಕ್ಷೆ ಅವರ ತಲೆಯಲ್ಲಿ ಕೂರುವುದು ಬಹಳ ಕಷ್ಟ. ವರ್ಷಾನುಗಟ್ಟಲೆ ನಡೆದ ದಾರಿ ಹಾಗಲ್ಲ, ಅದು ರೂಢಿ. ರೂಢಿಯನ್ನು ನೋಡಿಕೊಳ್ಳುವ ಭಾಗ ಬೇರೆಯೇ ಇದೆ, ಅದು ಜಾಸ್ತಿ ಕಾಲ ಬಾಳುತ್ತದೆ.

ಆಯಿಗೆ ಮೊಮ್ಮಕ್ಕಳ ಹೆಸರೆಲ್ಲ ಹೋಗಿತ್ತು. ಆದರೆ ಅಡಿಗೆಮನೆಯಿಂದ ಬಚ್ಚಲಿಗೆ ಹೋಗುವ ತಗ್ಗು ಬಾಗಿಲು ಬಂತೆಂದರೆ ಬಲಗೈ ತಾನಾಗಿಯೇ ಚೌಕಟ್ಟು ಹಿಡಿಯುತ್ತಿತ್ತು, ತಲೆ ಬಗ್ಗುತ್ತಿತ್ತು, ಕಾಲು ಹೊಸ್ತಿಲು ದಾಟುತ್ತಿತ್ತು. ಆ ಚೌಕಟ್ಟಿನಲ್ಲಿ ಅವಳ ಕೈ ಬೀಳುವಷ್ಟು ಜಾಗ ಮಾತ್ರ ಕಪ್ಪಗೆ, ನುಣ್ಣಗೆ ಆಗಿತ್ತು. ಕರೆಂಟು ಹೋದರೂ ತೊಂದರೆ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಅಣ್ಣನ ಮನೆಗೆ ಕರೆದುಕೊಂಡು ಹೋದಾಗ ಪುಟ್ಟ ಮನೆಯಲ್ಲೇ ದಾರಿ ತಪ್ಪುತ್ತಿದ್ದಳು. ಅಲ್ಲಿಯ ಎತ್ತರದ ಬಾಗಿಲಲ್ಲೂ ಬಗ್ಗುತ್ತಿದ್ದಳು, ಇಲ್ಲದ ಹೊಸ್ತಿಲಿಗೆ ಕಾಲೆತ್ತಿ ಮುಗ್ಗರಿಸುತ್ತಿದ್ದಳು. ಹೊಸ್ತಿಲೆಲ್ಲ ತೆಗೆಸಿ ಅಂತ ಎಲ್ಲರೂ ಹೇಳುತ್ತಾರೆ. ಹೊಸ ಜಾಗದಲ್ಲಿ ಸರಿ. ಹಳೇ ಮನೆಯಲ್ಲಿ ಅವರು ಹೇಗೆ ನಡೆಯುತ್ತಾರೆ ಅಂತ ಒಂದೆರಡು ದಿನ ನೋಡಿ, ಆಮೇಲೆ ಮುಟ್ಟಿ.

ಗೆದ್ದಲು ಒಂದೇ ಬದಿಯಲ್ಲಿದ್ದರೆ ಆ ತೊಲೆಗಳನ್ನು ಬದಲಿಸಿ. ಜಗಲಿ, ನಡುಮನೆ, ಅಡಿಗೆಮನೆ, ಬಚ್ಚಲು ಹಾಗೇ ಇರಲಿ, ನಿಮಗೆ ಬೇಕಾದ ಹೊಸ ಕೋಣೆಗಳನ್ನು ಕೊಟ್ಟಿಗೆ ಬದಿಗೆ ಕಟ್ಟಿ. ಕೆಡವದೆ ಗತಿಯಿಲ್ಲ ಅಂದರೆ ಹೊಸದರಲ್ಲೂ ಕೋಣೆಗಳ ಸಾಲು ಅದೇ ಇರಲಿ. ಜಗಲಿಯ ಕಂಬ, ಹೆಬ್ಬಾಗಿಲ ಚೌಕಟ್ಟು ಕೇಳಿಕೊಂಡು ವ್ಯಾಪಾರಿಗಳು ಬಂದೇ ಬರುತ್ತಾರೆ. ಕೊಡಬೇಡಿ, ಅವನ್ನೇ ತಿರುಗಿ ಕೂರಿಸಿ. ಮಂಚದ ತಲೆದಿಕ್ಕು, ಕವಳದ ಬಟ್ಟಲು ಇಡುವ ಕಟ್ಟೆ, ಇವೂ ಬದಲಾಗದಿರಲಿ.

ಹೊನ್ನಾವರದಿಂದ:
ವಾಸ್ತುವಿನವರು ಟಾಯ್ಲೆಟ್ ಆ ಮೂಲೆಗೆ ಅನ್ನುತ್ತಾರೆ, ನ್ಯೂರೋದವರು ಈ ಮೂಲೆಗೆ. ಅಪ್ಪಯ್ಯನ ಮಂಚದ ಮೇಲೆ ನೀವೇ ಮಲಗಿ ನೋಡಿ. ಅಲ್ಲಿಂದ ಕಮೋಡ್ ಕಾಣಬೇಕು. ಕಂಡರೆ ಹೋಗುತ್ತಾರೆ, ಕಾಣದಿದ್ದರೆ ಹುಡುಕುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತದೆ. ನಮ್ಮಲ್ಲಿ ಬಿಳಿ ಟೈಲ್ಸ್, ಬಿಳಿ ಕಮೋಡ್ ಇತ್ತು. ಸೀಟನ್ನು ಕಡುನೀಲಿ ಮಾಡಿಸಿದ ಮೇಲೆ ಅಪ್ಪ ಸರಿಯಾಗಿ ಕೂರತೊಡಗಿದರು.

ಕಾರವಾರದಿಂದ:
ಬಣ್ಣದ ಮಾತು ಬಂತಲ್ಲ, ನೆಲದ ವಿಷಯ ಸೇರಿಸುತ್ತೇನೆ. ನಮ್ಮದು ಫ್ಲಾಟು, ಪಡುವಣಕ್ಕೆ ಬಾಲ್ಕನಿ. ಸಂಜೆ ಬಿಸಿಲು ಓರೆಯಾಗಿ ಬಂದು ಹೊಳಪಿನ ಟೈಲ್ಸ್ ಮೇಲೆ ಬಿತ್ತೆಂದರೆ ನಮ್ಮ ಮಾವನವರು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ಹೊಳೆ ದಾಟುವವರ ಹಾಗೆ, ಒಂದು ಕಾಲು ಮುಂದಿಟ್ಟು ನಿಂತುಬಿಡುತ್ತಿದ್ದರು. 'ನೀರು ಬಂದಿದೆ' ಅನ್ನುತ್ತಿದ್ದರು. ಕಣ್ಣಿನ ಪರೀಕ್ಷೆ ಮಾಡಿಸಿದರೆ ಪೊರೆ ಏನೂ ಇಲ್ಲ. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಆಳ, ನೆರಳು, ಬಣ್ಣಗಳ ವ್ಯತ್ಯಾಸ ತಿಳಿಯುವ ಶಕ್ತಿ ಮೆದುಳಿನಲ್ಲಿ ಕುಂದುತ್ತದೆ ಎಂದು ಆಮೇಲೆ ಡಾಕ್ಟರು ವಿವರಿಸಿದರು. ಬಾಗಿಲ ಮುಂದಿನ ಕಪ್ಪು ಕಾಲೊರಸು ಅವರಿಗೆ ಗುಂಡಿ. ಅದನ್ನು ತೆಗೆದೆವು, ಬಾಲ್ಕನಿಗೆ ದಪ್ಪ ಪರದೆ ಹಾಕಿದೆವು. ಅಲ್ಲಿಗೆ ನೀರಿನ ಗಲಾಟೆ ನಿಂತಿತು.

ನಿಮ್ಮ ಹಳೇ ಮನೆಯ ನೆಲ ಕೆಂಪು ಗಾರೆಯದ್ದಾ? ಹಾಗಿದ್ದರೆ ಅದೇ ಒಳ್ಳೆಯದು. ಹೊಸ ಮನೆಯಾದರೆ ಹೊಳೆಯದ, ಒಂದೇ ಬಣ್ಣದ ಟೈಲ್ಸ್ ಹಾಕಿಸಿ. ಮುಖ ಕಾಣುವಂಥ ಫಳಫಳ ಟೈಲ್ಸ್ ಬೇಡವೇ ಬೇಡ.

ಸಿದ್ದಾಪುರದಿಂದ, ನಿವೃತ್ತ ನರ್ಸ್:
ಬೆಳಕಿನ ವಿಷಯ ಇನ್ನೂ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮ ಕಡೆ ಜೂನ್ ಬಂತೆಂದರೆ ಜಗಲಿಗೆ ತಟ್ಟಿ ಕಟ್ಟುತ್ತೇವೆ, ಈಗ ನೀಲಿ ತಾಡಪಾಲು. ಮಟಮಟ ಮಧ್ಯಾಹ್ನವೂ ಒಳಗೆ ದೀಪ ಬೇಕು. ನಮ್ಮ ಕಣ್ಣಿನಲ್ಲಿ ನೋಡುವುದಕ್ಕಲ್ಲದೆ ಹಗಲೋ ರಾತ್ರಿಯೋ ಎಂದು ಮೆದುಳಿಗೆ ತಿಳಿಸುವ ಬೇರೆ ಕೋಶಗಳಿವೆ. ಅವಕ್ಕೆ ಬೆಳಗಿನ ಜೋರು ಬೆಳಕು ಬೇಕು. ವಯಸ್ಸಾದವರ ಕಣ್ಣಿನ ಮಸೂರ ಹಳದಿಯಾಗಿ ಬೆಳಕು ಒಳಗೆ ಹೋಗುವುದೇ ಕಮ್ಮಿ. ಅದರ ಮೇಲೆ ನಮ್ಮ ತಾಡಪಾಲು! ಹಗಲೆಲ್ಲ ತೂಕಡಿಕೆ, ಸಂಜೆಯಾದ ಕೂಡಲೇ 'ಮನೆಗೆ ಹೋಗಬೇಕು' ಅಂತ ಹಠ, ರಾತ್ರಿ ಓಡಾಟ. ಬೆಳಕೊಂದೇ ಕಾರಣ ಅಂತಲ್ಲ, ಆದರೆ ನಮ್ಮ ಕೈಯಲ್ಲಿರುವುದು ಅದು.

ನೆದರ್‌ಲ್ಯಾಂಡ್ಸಿನ 12 ವೃದ್ಧರ ಆರೈಕೆ ಕೇಂದ್ರಗಳಲ್ಲಿ 189 ಜನರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಹಗಲಲ್ಲಿ ಸುಮಾರು 1000 ಲಕ್ಸ್ ಬೆಳಕು ಕೊಟ್ಟ ಕಡೆ ಬುದ್ಧಿ ಕುಂದುವುದು ತುಸು ನಿಧಾನವಾಯಿತು, ಖಿನ್ನತೆಯೂ ಸ್ವಲ್ಪ ತಗ್ಗಿತು. ತುಸುವೇ. ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟ್ಯೂಬ್‌ಲೈಟಿನ ಕೋಣೆಯಲ್ಲಿ ಸಾಮಾನ್ಯವಾಗಿ ಅಷ್ಟು ಬೆಳಕು ಇರುವುದಿಲ್ಲ, ಜಗಲಿಯ ಅಂಚಿನಲ್ಲಿ ಮೋಡದ ದಿನವೂ ಸಿಗಬಹುದು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಇದೆ, ಅಂದಾಜಿಗೆ ಸಾಕು.

ನೀಲಿ ತಾಡಪಾಲಿನ ಬದಲು ಪಾರದರ್ಶಕ ಶೀಟು ಹಾಕಿ. ಮಾಡಿಗೆ ನಾಲ್ಕಾರು ಗಾಜಿನ ಹಂಚು ಸೇರಿಸಿ. ಬೆಳಗಿನ ಚಾ ಅಪ್ಪಯ್ಯನಿಗೆ ಜಗಲಿಯ ಅಂಚಿನಲ್ಲೇ ಕೊಡಿ, ತೋಟದ ಕಡೆ ಮುಖ ಮಾಡಿ ಕೂರಿಸಿ. ಹಸಿರು ನೋಡುವುದೂ ಸುಮ್ನೆ ಅಲ್ಲ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಪ್ರಕಟಿಸಿದ ಲೆಕ್ಕ ಇದೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಆಪರೇಶನ್ ಆದ 46 ಜನರಲ್ಲಿ ಅರ್ಧ ಜನರಿಗೆ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಜೋರು ನೋವಿನ ಮದ್ದೂ ಅವರಿಗೆ ಕಮ್ಮಿ ಬೇಕಾಯಿತು. ರಾತ್ರಿಗೆ ಮಾತ್ರ ಮಂಚದಿಂದ ಟಾಯ್ಲೆಟ್‌ವರೆಗೆ ಹಳದಿ ಸಣ್ಣ ಬಲ್ಬು ಸಾಕು.

ಪ್ರಶ್ನೆ ಕೇಳಿದವರು:
ತುಂಬ ಉಪಕಾರವಾಯಿತು. ಗೆದ್ದಲು ಹಿಂದಿನ ಸಾಲಿನಲ್ಲಿ ಮಾತ್ರ ಇದೆ, ಬಡಿಗರನ್ನು ಕರೆಸಿ ತೋರಿಸುತ್ತೇನೆ. ತಮ್ಮನಿಗೂ ಇದನ್ನೆಲ್ಲ ಓದಿಸಿದೆ. ಗೋಡೆ ಬಾಗಿಸುವುದನ್ನು ಬಿಟ್ಟ, ಆದರೆ ಅಪ್ಪಯ್ಯನ ಕೋಣೆಗೇ ಒಂದು ಅಟ್ಯಾಚ್ಡ್ ಬಾತ್‌ರೂಮು ಆಗಲೇಬೇಕು ಅನ್ನುತ್ತಾನೆ. ಅದರ ಬಾಗಿಲಿಗೆ ಏನಾದರೂ ಲೆಕ್ಕ ಇದೆಯಾ?

ಸಿದ್ದಾಪುರದಿಂದ:
ಇದೆ. ಹೊರಕ್ಕೆ ತೆರೆಯುವಂತೆ ಕೂರಿಸಿ, ಇಲ್ಲವಾದರೆ ಜಾರುವ ಬಾಗಿಲು ಮಾಡಿಸಿ. ಅವರು ಒಳಗೆ ಬಾಗಿಲಿಗೆ ಅಡ್ಡವಾಗಿ ಬಿದ್ದರೆ ಒಳಕ್ಕೆ ತಳ್ಳುವ ಬಾಗಿಲು ತೆರೆಯುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದು ಇರಲಿ. ಒಳಗೆ ಬಾಗಿಲ ಎದುರಿಗೆ ಕನ್ನಡಿ ಬೇಡ, ಯಾರೋ ಇದ್ದಾರೆ ಎಂದು ವಾಪಸು ಬಂದುಬಿಡುತ್ತಾರೆ.