ಚಕ್ರವರ್ತಿಯ ಹೊಸ ಬಟ್ಟೆ ಕಥೆಯಿಂದ ರಾಜಕೀಯ ನಾಟಕ: ಹೇಗೆ ಬರೆಯಲಿ?

ಪ್ರಶ್ನೆ
ಡೆನ್ಮಾರ್ಕಿನ ಲೇಖಕ ಆಂಡರ್ಸನ್ 1837ರಲ್ಲಿ ಬರೆದ ಕಥೆ ಗೊತ್ತಲ್ಲ: ದಡ್ಡರಿಗೂ ಹುದ್ದೆಗೆ ಲಾಯಕ್ಕಿಲ್ಲದವರಿಗೂ ಕಾಣದ ಬಟ್ಟೆ ಅಂತ ಇಬ್ಬರು ಮೋಸಗಾರ ನೇಕಾರರು ಖಾಲಿ ಮಗ್ಗದಲ್ಲಿ ನೇಯ್ದಂತೆ ನಟಿಸುತ್ತಾರೆ, ಅದನ್ನು ತೊಟ್ಟೆ ಅಂತ ಚಕ್ರವರ್ತಿ ಬೆತ್ತಲೆ ಮೆರವಣಿಗೆ ಹೊರಡುತ್ತಾನೆ, ಮೈಮೇಲೆ ಏನೂ ಇಲ್ಲ ಅಂತ ಒಂದು ಮಗು ಕೂಗುತ್ತದೆ. ಅದನ್ನಿಟ್ಟುಕೊಂಡು ಬೀದಿನಾಟಕ ಬರೆಯುತ್ತಿದ್ದೇನೆ. ಚಕ್ರವರ್ತಿ ಅಂದರೆ ಇಂಥ ನಾಯಕ, ನೇಕಾರರು ಅಂದರೆ ಇಂಥವರು ಅಂತ ಒಂದೊಂದು ಪಾತ್ರಕ್ಕೂ ಒಬ್ಬೊಬ್ಬರನ್ನು ಹೊಂದಿಸಿದ್ದೇನೆ. ಓದಿದವರೆಲ್ಲ "ಯಾರು ಅಂತ ಗೊತ್ತಾಯ್ತು ಬಿಡಿ" ಅನ್ನುತ್ತಾರೆ, ಅಲ್ಲಿಗೆ ಮಾತು ಮುಗೀತು. ಮಗು ಕೂಗಿದ ತಕ್ಷಣ ಎಲ್ಲ ಸರಿಹೋಗುವುದನ್ನೂ ನಂಬೋಕಾಗುತ್ತಿಲ್ಲ. ಏನು ಮಾಡಲಿ?

ಉತ್ತರ 1
ನಾಯಕನನ್ನು ಬಿಡಿ, ಮಂತ್ರಿಯನ್ನು ಹಿಡಿಯಿರಿ. ಅವನು ಪ್ರಾಮಾಣಿಕ ಮುದುಕ, ಅದಕ್ಕೇ ಮಗ್ಗ ನೋಡಿ ಬರಲು ಅವನನ್ನೇ ಮೊದಲು ಕಳಿಸುವುದು. ಮಗ್ಗ ಖಾಲಿ. "ನಾನು ದಡ್ಡನಾ? ಈ ಹುದ್ದೆಗೆ ಲಾಯಕ್ಕಿಲ್ವಾ?" ಅಂತ ಒಳಗೇ ನಡುಗುತ್ತಾನೆ, ಮೋಸಗಾರರು ಹೇಳಿದ ಬಣ್ಣ, ಚಿತ್ತಾರ ಎಲ್ಲ ಗಮನವಿಟ್ಟು ಕೇಳಿಕೊಂಡು ಹೋಗಿ ಹಾಗೆ ಹಾಗೇ ಒಪ್ಪಿಸುತ್ತಾನೆ. ಕೆಟ್ಟವನಲ್ಲ, ಹುದ್ದೆ ಹೋಗುವ ಭಯ. ಆ ಭಯ ನಾಟಕ ನೋಡಲು ನಿಂತವರಿಗೂ ಇದೆ, ಅಲ್ವಾ? ಈ ದೃಶ್ಯಕ್ಕೆ ಜಾಸ್ತಿ ಸಮಯ ಕೊಡಿ.

ಉತ್ತರ 2
ಮೂಲ ಕಥೆಯಲ್ಲಿ ಕೊನೆಗೆ ಏನೂ ಸರಿಹೋಗುವುದಿಲ್ಲ, ಇನ್ನೊಮ್ಮೆ ಓದಿ. ಜನ ಕೂಗುವುದು ನಿಜ ಅಂತ ಚಕ್ರವರ್ತಿಗೂ ಅನ್ನಿಸುತ್ತದೆ, ಆದರೂ ಮೆರವಣಿಗೆ ಮುಗಿಸಲೇಬೇಕು ಅಂತ ಇನ್ನಷ್ಟು ಬೀಗಿ ನಡೆಯುತ್ತಾನೆ. ಹಿಂದೆ ನಡೆಯುವ ಸೇವಕರು ಇಲ್ಲದ ಬಟ್ಟೆಯ ಅಂಚನ್ನು ಎತ್ತಿ ಹಿಡಿದೇ ಇರುತ್ತಾರೆ. ರಾಜಕೀಯ ಇರುವುದೇ ಅಲ್ಲಿ.
ಇದಕ್ಕೂ ಹಳೆಯ ಕಥೆಯೊಂದಿದೆ. 1335ರಲ್ಲಿ ಸ್ಪೇನಿನ ಹುವಾನ್ ಮಾನುಯೆಲ್ ಬರೆದದ್ದು. ಅಲ್ಲಿ, ತಂದೆ ಅನ್ನಿಸಿಕೊಂಡವನಿಗೇ ಹುಟ್ಟಿದವನಾಗಿದ್ದರೆ ಮಾತ್ರ ಬಟ್ಟೆ ಕಾಣುತ್ತದೆ. ಕಾಣಲ್ಲ ಅಂದರೆ ಆಸ್ತಿ, ಪಟ್ಟ ಎಲ್ಲ ಹೋದಂತೆ. ಬಾಯಿ ಬಿಡುವವನು ಮಗುವಲ್ಲ, ರಾಜನ ಕುದುರೆ ನೋಡಿಕೊಳ್ಳುವ ಕಪ್ಪು ಆಳು. ನನ್ನನ್ನು ಯಾರ ಮಗ ಅಂದುಕೊಂಡರೂ ನನಗೆ ಒಂದೇ ಅಂತ ಮುಖಕ್ಕೇ ಹೇಳುತ್ತಾನೆ. ಕಳೆದುಕೊಳ್ಳೋಕೆ ಆಸ್ತಿ ಇಲ್ಲದವನು!

ಉತ್ತರ 3
ಹೆಸರು ಹೊಂದಿಸುವುದರ ಬಗ್ಗೆ ಒಂದು ಮಾತು. ಸೋವಿಯತ್ ನಾಟಕಕಾರ ಶ್ವಾರ್ಟ್ಸ್ 1934ರಲ್ಲಿ ಇದೇ ಬೆತ್ತಲೆ ರಾಜನನ್ನಿಟ್ಟು ನಾಜಿಗಳನ್ನು ಗೇಲಿ ಮಾಡಿದರು. ಅವರು ಬದುಕಿರುವಾಗ ಅದು ರಂಗಕ್ಕೆ ಬರಲೇ ಇಲ್ಲ, ಬಂದದ್ದು 1960ರಲ್ಲಿ. ಅಷ್ಟು ಹೊತ್ತಿಗೆ ಹಿಟ್ಲರ್ ಇಲ್ಲ, ಆದರೂ ನಾಟಕ ಜೋರಾಗಿ ನಡೆಯಿತು. ಪ್ರೇಕ್ಷಕರು ತಮ್ಮ ಕಣ್ಣೆದುರಿನವರನ್ನೇ ಅದರಲ್ಲಿ ಕಂಡರು. ನೀವೂ ಜಾಗ ಖಾಲಿ ಬಿಡಿ, ನೋಡುವವರು ತುಂಬಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್, ಮಂತ್ರಿಯ ದೃಶ್ಯದಿಂದಲೇ ಶುರು ಮಾಡುತ್ತೇನೆ. ಮಗುವಿನ ಬದಲು ಕುದುರೆ ಆಳನ್ನು ತಂದರೆ ಹೇಗೆ? ಮಗುವನ್ನು ಯಾರೂ ಶಿಕ್ಷಿಸಲ್ಲ, ಅವನನ್ನು ಹೊಡೆಯುತ್ತಾರೆ. ಅದನ್ನೂ ತೋರಿಸಬೇಕು ಅನ್ನಿಸುತ್ತಿದೆ.