ಮರು: ಕ್ಷಿಪಣಿಗಳನ್ನು ‘ನಿಯೋಜಿಸು’ ಸರಿಯೇ? (ತುರ್ತು)

> ಪ್ರದರ್ಶನವೊಂದರ ಫಲಕಕ್ಕೆ ಈ ಸಾಲು ಬೇಕು, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ: “ಮಹಾಶಕ್ತಿಯೊಂದು ಮಿತ್ರರಾಷ್ಟ್ರದ ನೆಲದಲ್ಲಿ ಪರಮಾಣು ಕ್ಷಿಪಣಿಗಳನ್ನು ನಿಯೋಜಿಸುವುದೇಕೆ?” ‘ನಿಯೋಜಿಸು’ ಯಾಕೋ ಕಿವಿಗೆ ಒಗ್ಗುತ್ತಿಲ್ಲ. ಕೆಳಗೆ ಬ್ರಿಟನ್, ಟರ್ಕಿ, ಕ್ಯೂಬಾ, ಪಶ್ಚಿಮ ಜರ್ಮನಿಯ ಚಿತ್ರಗಳಿವೆ.

ನಿಮ್ಮ ಕಿವಿ ಸರಿಯಾಗಿಯೇ ಇದೆ. ನಿಯೋಜಿಸು ಅಂದರೆ ಕೆಲಸಕ್ಕೆ ಹಚ್ಚುವುದು. ಪೊಲೀಸರನ್ನು ನಿಯೋಜಿಸಬಹುದು, ಅಧಿಕಾರಿಯನ್ನು ನಿಯೋಜಿಸಬಹುದು. ಪತ್ರಿಕೆಗಳಲ್ಲಿ ಕ್ಷಿಪಣಿಗೂ ಇದನ್ನೇ ಬಳಸುತ್ತಾರೆ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಬಳಸಲಿ. ಅವಸರದಲ್ಲಿ ಕೈಗೆ ಸಿಕ್ಕ ಪದ ಅದು, ಫಲಕ ಬರೆಯುವವರಿಗೆ ಆ ಅವಸರ ಇಲ್ಲ. ನಾಳೆ ಬೆಳಿಗ್ಗೆವರೆಗೆ ಸಮಯ ಇದೆ.

ನನ್ನ ಮಟ್ಟಿಗೆ ಪದ ‘ಇರಿಸು’. ‘ಇಡು’ ಅಲ್ಲ, ಅದು ಬೇರೆ ಧಾತು. ಇರು ಎಂಬುದಕ್ಕೆ ಇಸು ಸೇರಿ ಆದದ್ದು ಇರಿಸು. ಇರುವಂತೆ ಮಾಡು ಅಂತ ಅರ್ಥ. ನೀವು ಕೇಳಿರುವ ‘ಏಕೆ’ಗೆ ಅರ್ಧ ಉತ್ತರ ಈ ಧಾತುವಿನಲ್ಲೇ ಇದೆ. ಪಶ್ಚಿಮ ಜರ್ಮನಿಯನ್ನೇ ನೋಡಿ. ಅಮೆರಿಕದ ನೆಲದಿಂದಲೇ ಸೋವಿಯತ್ ಒಕ್ಕೂಟವನ್ನು ಮುಟ್ಟುವ ಕ್ಷಿಪಣಿಗಳು ಆಗ ಬೇಕಾದಷ್ಟಿದ್ದವು. ಆದರೂ 1983ರ ಕೊನೆಯಿಂದ 108 ಪರ್ಶಿಂಗ್-2 ಕ್ಷಿಪಣಿಗಳನ್ನು ಅಲ್ಲಿಗೆ ತಂದರು. ಸೋವಿಯತ್ತಿನ ಎಸ್‌ಎಸ್-20 ಕ್ಷಿಪಣಿಗಳು ಯುರೋಪಿನತ್ತ ಮುಖ ಮಾಡಿದ್ದವು, ಮತ್ತು ಯುರೋಪಿನವರಿಗೆ ಒಂದು ಹಳೆಯ ಅನುಮಾನ ಇತ್ತು: ನಮ್ಮ ಮೇಲೆ ದಾಳಿ ಆದರೆ ಅಮೆರಿಕ ತನ್ನ ಊರುಗಳನ್ನು ಪಣಕ್ಕಿಟ್ಟು ಬರುತ್ತದೆಯೇ? ಪ್ಯಾರಿಸ್‌ಗಾಗಿ ನ್ಯೂಯಾರ್ಕ್ ಕಳೆದುಕೊಳ್ಳಲು ತಯಾರಿದ್ದೀರಾ ಅಂತ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ 1961ರಲ್ಲೇ ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಕೇಳಿದ್ದರು. ಬಾಯಿಮಾತಿನ ಭರವಸೆ ಸಾಲದು, ವಸ್ತು ಕಣ್ಣೆದುರು ಇರಬೇಕು. ಹಾರಿಸುವುದಕ್ಕಿಂತ ಅಲ್ಲಿ ಇರುವುದೇ ಅದರ ಮುಖ್ಯ ಕೆಲಸ. ಹಾಗೆ ಇದ್ದರೆ ಮಿತ್ರ ದೇಶ ತನ್ನದೇ ಬಾಂಬು ಮಾಡಲು ಹೊರಡುವುದೂ ಕಡಿಮೆ ಆಗುತ್ತದೆ ಅನ್ನುವ ಲೆಕ್ಕಾಚಾರವೂ ಇತ್ತು.

ಕ್ಯೂಬಾದ ಕಾರಣ ಬೇರೆ. 1962ರಲ್ಲಿ ಸೋವಿಯತ್ ನೆಲದಿಂದ ಅಮೆರಿಕವನ್ನು ಮುಟ್ಟುವ ಕ್ಷಿಪಣಿಗಳು ತೀರಾ ಕಡಿಮೆ ಇದ್ದವು, ಮಧ್ಯಮ ದೂರದವು ಜಾಸ್ತಿ ಇದ್ದವು. ಸುಮಾರು 2000 ಕಿ.ಮೀ. ಹೋಗುವ ಆರ್-12 ಕ್ಷಿಪಣಿ ಸೋವಿಯತ್ ಒಕ್ಕೂಟದಲ್ಲಿ ಕೂತು ವಾಷಿಂಗ್ಟನ್‌ಗೆ ಏನೂ ಮಾಡಲಾರದು, ಕ್ಯೂಬಾದಲ್ಲಿ ಕೂತರೆ ಮಾಡಬಲ್ಲದು. ಹಿಂದಿನ ವರ್ಷವಷ್ಟೇ ಅಮೆರಿಕದ ಬೆಂಬಲದ ಬೇ ಆಫ್ ಪಿಗ್ಸ್ ದಾಳಿ ಕಂಡಿದ್ದ ಕ್ಯೂಬಾದ ನಾಯಕ ಕ್ಯಾಸ್ಟ್ರೋಗೂ ರಕ್ಷಣೆ ಬೇಕಿತ್ತು.

ಈಗ ಯಾರೋ ಸೂಚಿಸಿದ ‘ಹೂಡು’. ಒಳ್ಳೆಯ ಪದ, ಇಲ್ಲಿಗೆ ತಪ್ಪು. ಬಾಣ ಹೂಡಿದರೆ ಹೆದೆ ಎಳೆಯುವುದಷ್ಟೇ ಬಾಕಿ. ಕ್ಯೂಬಾದಲ್ಲಿ ಸಿಡಿತಲೆಗಳು, ಅಂದರೆ ಕ್ಷಿಪಣಿಯ ತುದಿಗೆ ಕೂರಿಸುವ ಬಾಂಬುಗಳು, ಕ್ಷಿಪಣಿಗಳಿಂದ ದೂರ, ಬೇರೆ ಉಗ್ರಾಣದಲ್ಲಿದ್ದವು. ಅಲ್ಲಿ ‘ಹೂಡಿದರು’ ಅಂತ ಬರೆದರೆ ಇತಿಹಾಸವನ್ನೇ ತಿರುಚಿದಂತೆ. ‘ಸ್ಥಾಪಿಸು’ ಬೇಡವೇ ಬೇಡ, ಅದು ವಿಗ್ರಹಕ್ಕೂ ಸಂಸ್ಥೆಗೂ ಇರಲಿ. ‘ನೆಲೆಗೊಳಿಸು’ ಪರವಾಗಿಲ್ಲ, ಆದರೆ ನೆಲೆಗೊಂಡದ್ದು ಊರಿನದೇ ಆಗಿಬಿಡುತ್ತದೆ. ಇವು ಆಗಲಿಲ್ಲ.

ಇರಿಸು ಅನ್ನುವಾಗ ಒಡೆತನ ಬದಲಾಗುವುದಿಲ್ಲ, ಒಡವೆಯನ್ನು ಇನ್ನೊಬ್ಬರ ಮನೆಯಲ್ಲಿ ಇರಿಸಿದ ಹಾಗೆ. ಬ್ರಿಟನ್ನಿನಲ್ಲಿದ್ದ 60 ಥಾರ್ ಕ್ಷಿಪಣಿಗಳಿಗೆ ಎರಡು ಬೀಗದ ಕೈ. ಬ್ರಿಟಿಷ್ ಅಧಿಕಾರಿಯ ಬೀಗದ ಕೈ ತಿರುಗಿದರೆ ಉಡಾವಣೆ ಶುರು, ಅಮೆರಿಕದ ಅಧಿಕಾರಿಯ ಬೀಗದ ಕೈ ತಿರುಗದೆ ಸಿಡಿತಲೆ ಜೀವ ಪಡೆಯದು. ಟರ್ಕಿಯ 15 ಜುಪಿಟರ್ ಕ್ಷಿಪಣಿಗಳ ಸಿಡಿತಲೆಗಳೂ ಅಮೆರಿಕದ ಹಿಡಿತದಲ್ಲೇ ಇದ್ದವು. ಕ್ಯೂಬಾದಲ್ಲಂತೂ ಕ್ಯಾಸ್ಟ್ರೋ ಹತ್ತಿರ ಯಾವ ಬೀಗದ ಕೈಯೂ ಇರಲಿಲ್ಲ. ಅಲ್ಲಿನ ಕ್ಷಿಪಣಿಗಳನ್ನು ವಾಪಸ್ ಒಯ್ಯುವ ತೀರ್ಮಾನವನ್ನೂ ಸೋವಿಯತ್ ನಾಯಕ ಕ್ರುಶ್ಚೇವ್, ಕ್ಯಾಸ್ಟ್ರೋರನ್ನು ಕೇಳದೆಯೇ ಮಾಡಿದರು. ಅದಕ್ಕೆ ಪ್ರತಿಯಾಗಿ ಟರ್ಕಿಯ ಜುಪಿಟರ್‌ಗಳನ್ನು ತೆಗೆಯುತ್ತೇವೆ ಅಂತ ಕೆನಡಿ ಕಡೆಯವರು ಗುಟ್ಟಾಗಿ ಮಾತು ಕೊಟ್ಟಿದ್ದರು, 1963ರ ಏಪ್ರಿಲ್ ಹೊತ್ತಿಗೆ ತೆಗೆದರು. ಇರಿಸಿದ್ದನ್ನು ಎತ್ತಿಕೊಳ್ಳಬಹುದು, ಚೌಕಾಸಿಗೂ ಬಳಸಬಹುದು. ಪರ್ಶಿಂಗ್‌ಗಳೂ ಕೊನೆಗೆ ಅಮೆರಿಕ, ಸೋವಿಯತ್ ನಡುವಿನ 1987ರ ಐಎನ್‌ಎಫ್ ಕ್ಷಿಪಣಿ ಒಪ್ಪಂದದಲ್ಲಿ ಎಸ್‌ಎಸ್-20ಗಳ ಜೊತೆ ಹೋದವು.

ಇನ್ನು ‘ಕ್ಷಿಪಣಿ’ ತೆಗೆದು ‘ಹಾರುಗಣೆ’ ಹಾಕಿ ಅಂತ ಹಟ ಹಿಡಿದವರಿಗೆ. ಬಾಣ ಎಂಬ ಅರ್ಥದ ಕಣೆ ನಮ್ಮದೇ ಪದ, ನನಗೂ ಇಷ್ಟ. ಆದರೆ ಫಲಕದ ಮುಂದೆ ನಿಂತ ಹುಡುಗಿಗೆ ಅದು ಏನೆಂದು ಯಾರು ಹೇಳುತ್ತಾರೆ? ಎಸೆ ಎಂಬ ಅರ್ಥದ ‘ಕ್ಷಿಪ್’ ಧಾತುವಿನಿಂದ ಬಂದರೂ ಕ್ಷಿಪಣಿ ಇವತ್ತು ಎಲ್ಲರ ಬಾಯಲ್ಲೂ ಇದೆ. ‘ಮಿಸೈಲ್’ ಸಾಕು ಅನ್ನುವ ಇನ್ನೊಬ್ಬರ ವಾದವೂ ಸುಮ್ನೆ ಸೋಮಾರಿತನ. ಹೆಸರುಪದ ಎಲ್ಲಿಂದ ಬಂದರೂ ಕನ್ನಡ ಅರಗಿಸಿಕೊಳ್ಳುತ್ತದೆ, ಬಾಂಬು, ರಾಕೆಟ್ಟು ಅರಗಿಲ್ಲವೇ? ಕನ್ನಡ ಸೊರಗುವುದು ಕ್ರಿಯಾಪದದಲ್ಲಿ. ಇರಿಸು, ತೆಗೆ, ಒಯ್ಯಿ ಇರುವಾಗ ನಿಯೋಜಿಸು, ನಿಷ್ಕಾಸಿಸು, ಸ್ಥಳಾಂತರಿಸು ಅಂತ ಬರೆದು ಬರೆದು ನಮ್ಮ ಧಾತುಗಳು ಅಡುಗೆಮನೆ ಮಾತಾಗಿ ಉಳಿದಿವೆ. ಶುದ್ಧ ಕನ್ನಡದ ಜಗಳ ಆಡುವುದಾದರೆ ಅಲ್ಲಿ ಆಡೋಣ, ಹೆಸರುಪದಗಳ ಹಿಂದೆ ಬಿದ್ದು ಪ್ರಯೋಜನ ಇಲ್ಲ.

‘ಮಿತ್ರರಾಷ್ಟ್ರ’ ಕೂಡ ಬದಲಿಸಿ. ಓದುವವರಿಗೆ ಎರಡನೇ ಮಹಾಯುದ್ಧದ ಗುಂಪು ನೆನಪಾಗುತ್ತದೆ. ‘ಮಿತ್ರ ದೇಶ’ ಸಾಕು.

ನಿಮ್ಮ ಸಾಲು ಹೀಗಿರಲಿ: “ಮಹಾಶಕ್ತಿಯೊಂದು ತನ್ನ ಪರಮಾಣು ಕ್ಷಿಪಣಿಗಳನ್ನು ಮಿತ್ರ ದೇಶದ ನೆಲದಲ್ಲಿ ಇರಿಸುವುದೇಕೆ?” ಆ ‘ತನ್ನ’ ಬಿಡಬೇಡಿ. ಮತ್ತೆ, ಅಣು, ಪರಮಾಣು ಎರಡನ್ನೂ ಬೆರೆಸಬೇಡಿ. ವಿಜ್ಞಾನದ ಪುಸ್ತಕ ಓದಿದ ಮಕ್ಕಳಿಗೆ ಅವು ಬೇರೆ ಬೇರೆ. ಎಲ್ಲ ಫಲಕಗಳಲ್ಲೂ ಪರಮಾಣು ಅಂತಲೇ ಇದೆಯಾ ಅಂತ ಅಚ್ಚಿಗೆ ಕೊಡುವ ಮೊದಲು ಒಮ್ಮೆ ನೋಡಿಬಿಡಿ.