ಅಸೆಂಬ್ಲಿ ಮ್ಯಾಕ್ರೋ ಎರಡನೇ ಸಲ ಹಾಕಿದ್ರ ಎರರ್ ಬರ್ತೈತಿ

ಕೊತ್ರೂಡ್_ಕಾಕಾ:
ನಮಸ್ಕಾರ್ರೀ. ನಮ್ಮ ಸೊಸೈಟಿ ಗಣಪತಿ ಮಂಟಪಕ್ಕ ಓಡೋ ದೀಪ ಮಾಡಾಕತ್ತೀನಿ. ಪುಣೆಯ ತಾಪ್ಕೀರ್ ಗಲ್ಲಿಯಿಂದ ತಂದ ಎಟಿಮೆಗಾ328 ಚಿಪ್ಪಿನ ಬೋರ್ಡು, ಎಂಟು ಎಲ್‌ಇಡಿ, ಗ್ನೂ ಅಸೆಂಬ್ಲರ್ (ನಾ ಬರದ ಆಜ್ಞೆಗಳನ್ನ ಚಿಪ್ಪಿನ ಭಾಷೆಗೆ ತಿರುವೋ ಸಾಫ್ಟ್‌ವೇರ್). ದೀಪದ ನಡುವ ತಡಿಲಿಕ್ಕೆ ಒಂದು ಮ್ಯಾಕ್ರೋ (ಫೈಲಿನ್ಯಾಗ ಇಂಗ್ಲಿಷ್ ಐತಿ, ಇಲ್ಲಿ ಕನ್ನಡದಾಗ ಬರದೀನಿ):

.ಮ್ಯಾಕ್ರೋ ತಡಿ
ಎಲ್‌ಡಿಐ ಆರ್16, 255
ಸುತ್ತು:
ಡೆಕ್ ಆರ್16
ಬಿಆರ್‌ಎನ್‌ಇ ಸುತ್ತು
.ಎಂಡ್‌ಎಂ

ಆರ್16 ಅಂದ್ರ ಚಿಪ್ಪಿನೊಳಗಿನ ಒಂದು ರಿಜಿಸ್ಟರ್, ಅಂದ್ರ ಒಂದು ಸಂಖ್ಯೆ ಇಡೋ ಸಣ್ಣ ಜಾಗ. ಎಲ್‌ಡಿಐ ಅದಕ್ಕ 255 ತುಂಬತೈತಿ, ಡೆಕ್ ಒಂದು ಕಳೀತೈತಿ, ಬಿಆರ್‌ಎನ್‌ಇ ಸೊನ್ನೆ ಆಗೋ ತನಕ ಹಿಂದ ಜಿಗಸ್ತೈತಿ. ಒಮ್ಮೆ ಹಾಕಿದ್ರ ಸರಿ. ಎರಡನೇ ಸಲಕ್ಕ "ಸುತ್ತು" ಮೊದಲ ಐತಿ ಅಂತ ಎರರ್. ಮ್ಯಾಕ್ರೋ ಅಂದ್ರ ಫಂಕ್ಷನ್ ಇದ್ದಂಗ ಅಲ್ಲೇನ್ರೀ? ಹಬ್ಬಕ್ಕ ಆರು ದಿನ ಉಳದಾವ.

ಬ್ರಾಕೆಟ್_ಪ್ರೇಮಿ:
ಎಡವಿದ್ದು ಅಲ್ಲೇ ಕಾಕಾ. ಫಂಕ್ಷನ್ ಆದ್ರೆ ಚಿಪ್ ಅಲ್ಲಿಗೆ ಹೋಗಿ ಬರುತ್ತೆ. ಮ್ಯಾಕ್ರೋ ಇದೆ ಅಂತ ಚಿಪ್‌ಗೆ ಗೊತ್ತೇ ಇಲ್ಲ. ಅಸೆಂಬ್ಲರ್ ನೀವು ಹೆಸರು ಬರೆದ ಕಡೆಯೆಲ್ಲ ಆ ಸಾಲುಗಳನ್ನೇ ಅಂಟಿಸಿಬಿಡುತ್ತೆ. ಎರಡು ಸಲ ಅಂಟಿಸಿದ್ರೆ "ಸುತ್ತು:" ಎರಡಾಯ್ತು. ಲೇಬಲ್ಲಿಗೆ "1:" ಅಂತ ಅಂಕಿ ಇಡಿ, ಜಿಗಿಯೋಕೆ "1ಬಿ" ಅನ್ನಿ, ಅಂದ್ರೆ ಹಿಂದೆ ಸಿಗೋ ಮೊದಲ 1. ಇಲ್ಲಾಂದ್ರೆ "ಸುತ್ತು\@" ಬರೀರಿ, ಪ್ರತಿ ಸಲ ಬೇರೆ ಸಂಖ್ಯೆ ಬಂದು ಕೂರುತ್ತೆ.

ಕೊತ್ರೂಡ್_ಕಾಕಾ:
ಎರರ್ ಹೋತು. ಆದ್ರ ಒಂದೂ ದೀಪ ಹತ್ತವಲ್ದು! ಯಾವ ದೀಪ ಅನ್ನೋದನ್ನ ಆರ್16ನ್ಯಾಗ ಇಟ್ಟು, ಬಿಟ್ಟುಗಳನ್ನ ಎಡಕ್ಕ ದಬ್ಬೋ ಆಜ್ಞೆ ಎಲ್‌ಎಸ್‌ಎಲ್‌ನಿಂದ ಸರಸ್ತೀನಿ. ಮಂಡಳದ ಹುಡುಗ್ರು ನಗಾಕತ್ತಾರ.

ಬ್ರಾಕೆಟ್_ಪ್ರೇಮಿ:
ತಡಿ ಕೂಡ ಆರ್16ನ್ನೇ ಸೊನ್ನೆಗಿಳಿಸುತ್ತಲ್ಲ! ಆಬ್ಜ್‌ಡಂಪ್‌ನಲ್ಲಿ (ತಯಾರಾದ ಕೋಡನ್ನ ಮತ್ತೆ ಆಜ್ಞೆಗಳಾಗಿ ತೋರಿಸೋ ಟೂಲು) ಬಿಚ್ಚಿ ನೋಡಿ, ನೀವು ಬರೆದದ್ದಕ್ಕಿಂತ ಅಂಟಿಸಿದ ಮೇಲೆ ಆದದ್ದು ಕಾಣುತ್ತೆ. ಲಿಸ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯವರಿಗೂ ಇದು ಹಳೇ ತಲೆನೋವು. 1963ರಲ್ಲಿ ಎಂಐಟಿಯ ಟಿಮತಿ ಹಾರ್ಟ್ ಲಿಸ್ಪ್‌ಗೆ ಮ್ಯಾಕ್ರೋ ತಂದರು. ಅಲ್ಲಿ ಕೋಡೇ ಒಂದು ಪಟ್ಟಿ, ಹೊಸ ಪಟ್ಟಿ ಕಟ್ಟೋಕೆ ಇಡೀ ಲಿಸ್ಪ್ ಕೈಲಿರುತ್ತೆ. ನಮ್ಮದು ಅದರ ಮುಂದೆ ಬರೀ ಗೋಂದು. ಆದರೂ ಒಳಗಿನ ಹೆಸರು ಹೊರಗಿನದಕ್ಕೆ ಡಿಕ್ಕಿ ಹೊಡೆಯುತ್ತೆ. ಯಾರೂ ಇಟ್ಟಿರದ ಹೆಸರು ಹುಟ್ಟಿಸೋಕೆ ಅಲ್ಲಿ ಜೆನ್‌ಸಿಮ್ ಇದೆ. \@ ಅದರ ಬಡ ತಮ್ಮ.

ರಿಜಿಸ್ಟರ್ ಮಾತ್ರ ಹುಟ್ಟಿಸೋಕಾಗಲ್ಲ, ಇರೋದೇ 32. ಹಾಗಾಗಿ ".ಮ್ಯಾಕ್ರೋ ತಡಿ ರಿಜಿ" ಅಂತ ಮಾಡಿ, ಒಳಗೆ "\ರಿಜಿ" ಬಳಸಿ, "ತಡಿ ಆರ್18" ಅನ್ನಿ. ಎಲ್‌ಡಿಐ ಆರ್16ರಿಂದ 31ರವರೆಗೆ ಮಾತ್ರ ನಡೆಯೋದು, ನೆನಪಿರಲಿ. ಇನ್ನೊಂದು: 16 ಮೆಗಾಹರ್ಟ್ಸ್‌ನಲ್ಲಿ ನಿಮ್ಮ 255 ಸುತ್ತು ಸುಮಾರು 48 ಮೈಕ್ರೋಸೆಕೆಂಡು, ಕಣ್ಣಿಗೆ ಕಾಣೋ ಮಾತೇ ಇಲ್ಲ. ಒಂದರೊಳಗೊಂದು ಮೂರು ಸುತ್ತು ಬೇಕು.

ಕೊತ್ರೂಡ್_ಕಾಕಾ:
ಆರ್18, 19, 20 ಕೊಟ್ಟೆ. ಓಡಾಕತ್ತಾವ್ರೀ! ಎಂಟನೇದು ಆದ ಮ್ಯಾಲ ಮತ್ತ ಕತ್ತಲ. ಅದು ಎಲ್‌ಎಸ್‌ಎಲ್ ಬಿಟ್ಟನ್ನ ಹೊರಗ ದಬ್ಬಿದ್ದು, ನಾನೇ ನೋಡ್ಕೋತೀನಿ.